ಹಿತ್ತಲಿನಲ್ಲಿ ಹಳಿ: ಕಿರುರೈಲಿನ ಬಡಾವಣೆಯಲ್ಲಿ ನನ್ನ ಹನ್ನೊಂದು ವರ್ಷ

ನಿವೇಶನದ ಕ್ರಯಪತ್ರಕ್ಕೆ ಲಗತ್ತಿಸಿದ್ದ ಹಳಿದಾರಿಯ ನಕ್ಷೆಯನ್ನು ನಾನು ಮೂರು ದಿನ ಕುಳಿತು ಓದಿದ್ದೆ. ನಿವೇಶನದ ಹಿಂಭಾಗದಲ್ಲಿ ಬೇಲಿಯಿಂದ ಬೇಲಿಗೆ ಹಾದುಹೋಗುವ ಮೂರು ಮೀಟರ್ ಅಗಲದ ಒಂದು ಪಟ್ಟಿಯನ್ನು ಅದರಲ್ಲಿ ಗೀಟುಗಳಿಂದ ಗುರುತಿಸಲಾಗಿತ್ತು. ಆ ಪಟ್ಟಿಯ ಒಡೆಯ ನಾನೇ, ಅದರ ತೆರಿಗೆ ಕಟ್ಟುವವನೂ ನಾನೇ. ಆದರೆ ಅದರ ಮೇಲೆ ಗಾಡಿ ಓಡಿಸುವ ಮತ್ತು ಹಳಿ ದುರಸ್ತಿಗಾಗಿ ಇಳಿದು ನಡೆಯುವ ಹಕ್ಕು ಬಡಾವಣೆಯ ಪ್ರತಿಯೊಂದು ಮನೆಗೂ ಇದೆ. ನಾನು ಮನೆ ಮಾರಿದರೂ ಆ ದಾರಿ ಹಕ್ಕು ಭೂಮಿಯ ಜೊತೆಗೇ ಹೋಗುತ್ತದೆ, ಕೊಂಡವರು ಅದಕ್ಕೆ ಬದ್ಧರಾಗಿರುತ್ತಾರೆ. ಜನರು ಮೇಲೆ ಕುಳಿತು ಹವ್ಯಾಸಕ್ಕಾಗಿ ಓಡಿಸುವ ಕಿರುರೈಲಿನ ಸುತ್ತ ಕಟ್ಟಿದ ಬಡಾವಣೆಗೆ ನಿಜವಾದ ಅಡಿಪಾಯ ಈ ಒಂದು ಷರತ್ತು. ಇದು ಕ್ರಯಪತ್ರದಲ್ಲಿ ಇಲ್ಲದೆ ಬರೀ ಬಾಯಿಮಾತಿನ ಒಪ್ಪಂದವಾಗಿದ್ದರೆ, ಒಂದು ಮನೆ ಕೈಬದಲಾದ ದಿನವೇ ಹಳಿ ತುಂಡಾಗಬಹುದು.

ವಾಲ್ಟ್ ಡಿಸ್ನಿಯವರು 1950ರಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಮನೆಯ ಆವರಣದಲ್ಲಿ ನಿಜವಾದ ರೈಲಿನ ಎಂಟನೇ ಒಂದು ಅಳತೆಯ ಕಿರುರೈಲನ್ನು ಹಾಕಿದಾಗ, ಸ್ವಂತ ಕುಟುಂಬದವರಿಂದಲೇ ದಾರಿ ಹಕ್ಕಿನ ಪತ್ರ ಬರೆಸಿ ಸಹಿ ಹಾಕಿಸಿಕೊಂಡಿದ್ದರು. ಸುಮಾರು 800 ಮೀಟರ್ ಉದ್ದದ ಆ ಹಳಿ ಪತ್ನಿ ಲಿಲಿಯನ್ ಅವರ ಹೂದೋಟವನ್ನು ಕೆಡಿಸಬಾರದೆಂದು ಅದರ ಅಡಿಯಲ್ಲಿ ಸುರಂಗವನ್ನೂ ಕೊರೆಸಿದರು. ಒಂದೇ ಮನೆಯೊಳಗೆ ಇಷ್ಟು ಎಚ್ಚರ ಬೇಕಾಗಿದ್ದರೆ, ಹಲವು ಮನೆಗಳ ಹಿತ್ತಲನ್ನು ಹಾಯುವ ಹಳಿಗೆ ಎಷ್ಟು ಬೇಕೆಂಬುದು ಇಲ್ಲಿ ನೆಲೆಸಿದ ಮೇಲೆ ನನಗೆ ದಿನದಿನವೂ ತಿಳಿಯುತ್ತಾ ಬಂದಿದೆ.

ನಾನು ಎದುರಿಸಿದ ಮೊದಲ ಕಷ್ಟ ಗೇಜಿನದು, ಅಂದರೆ ಎರಡು ಹಳಿಗಳ ನಡುವಿನ ಅಂತರದ್ದು. ಜನರು ಮೇಲೆ ಕುಳಿತು ಹೋಗಬಹುದಾದ ಕಿರುರೈಲುಗಳಲ್ಲಿ ಏಳೂಕಾಲು ಇಂಚು ಮತ್ತು ಏಳೂವರೆ ಇಂಚು ಎಂಬ ಎರಡು ಗೇಜುಗಳು ಬಳಕೆಯಲ್ಲಿವೆ. ಬ್ರಿಟನ್ನಿನಲ್ಲಿಯೂ ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಮೊದಲನೆಯದು ರೂಢಿ. ಉತ್ತರ ಅಮೆರಿಕದ ಉಳಿದ ಬಹುಪಾಲು ಕಡೆ, 2004ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಆರೆಗಾನ್‌ನ ಟ್ರೇನ್ ಮೌಂಟನ್ ಎಂಬ ಕಿರುರೈಲು ಹಳಿಜಾಲ ಸೇರಿದಂತೆ, ಎರಡನೆಯದು. ವ್ಯತ್ಯಾಸ ಆರು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ನನ್ನ ಗಾಡಿಗಳೆಲ್ಲವೂ ಏಳೂಕಾಲು, ಬಡಾವಣೆಯ ಹಳಿ ಏಳೂವರೆ. ನಾಲ್ಕು ವ್ಯಾಗನ್ನುಗಳಿಗೆ ಚಕ್ರಗಳನ್ನು ಜೋಡಿಸುವ ಹದಿನಾರು ಹೊಸ ಅಚ್ಚುಗಳನ್ನು ಒಂದು ಚಳಿಗಾಲವಿಡೀ ಲೇತಿನಲ್ಲಿ ಕಡೆದು, ಚಕ್ರಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದೆ. ಅಲ್ಲಿ ಹಳಿಯ ಗೇಜಿಗಿಂತ ಮುಖ್ಯವಾದದ್ದು ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರ. ಅದು ಕೂದಲೆಳೆಯಷ್ಟು ತಪ್ಪಿದರೂ ನೇರ ಹಳಿಯ ಮೇಲೆ ಗಾಡಿ ಸಲೀಸಾಗಿ ಓಡುತ್ತದೆ, ಹಳಿ ಎರಡಾಗಿ ಕವಲೊಡೆಯುವ ಪಾಯಿಂಟ್ಸ್ ಬಂದ ಕೂಡಲೇ ಚಕ್ರದ ಅಂಚು ಅಲ್ಲಿ ಹಳಿಗಳು ಕೂಡುವ ಚೂಪು ಮೂತಿಗೆ ಬಡಿದು ಮೇಲೇರುತ್ತದೆ. ಉಗಿ ಇಂಜಿನ್ನಿನ ಚೌಕಟ್ಟು, ಸಿಲಿಂಡರು, ಕೀಲುಸರಳುಗಳೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅದನ್ನು ಅಗಲಿಸುವ ಸಾಹಸಕ್ಕೆ ನಾನು ಇಳಿಯಲಿಲ್ಲ. ಅದನ್ನು ಮಾರಿ, ಏಳೂವರೆಯ ಇನ್ನೊಂದನ್ನು ಕೊಂಡೆ. ಒಂಬತ್ತು ವರ್ಷ ಒಡನಾಡಿದ ಇಂಜಿನ್ನನ್ನು ಬೇರೆಯವರ ವಾಹನಕ್ಕೆ ಏರಿಸಿ ಕಳಿಸಿದ ಆ ಬೆಳಗ್ಗೆ ನನಗೆ ಬಹಳ ನೋವಾಗಿತ್ತು.

ಮನೆಯನ್ನು ಹಳಿಯ ಮಟ್ಟಕ್ಕೆ ಹೊಂದಿಸಿ ಕಟ್ಟಬೇಕೇ ಹೊರತು ಹಳಿಯನ್ನು ಮನೆಗೆ ಹೊಂದಿಸಲಾಗುವುದಿಲ್ಲ. ಮುಖ್ಯ ಹಳಿಯ ಏರು ಐವತ್ತಕ್ಕೆ ಒಂದನ್ನು, ಅಂದರೆ ಐವತ್ತು ಮೀಟರಿಗೆ ಒಂದು ಮೀಟರನ್ನು, ಮೀರಬಾರದೆಂಬ ನಿಯಮ ನಮ್ಮಲ್ಲಿದೆ. ಒಂದು ಟನ್ ತೂಕದ ಗಾಡಿಯನ್ನು ಆ ಏರಿನಲ್ಲಿ ಎಳೆಯಲು ಸಮತಟ್ಟಿಗಿಂತ 20 ಕಿಲೋ ಹೆಚ್ಚಿನ ಸೆಳೆತ ಬೇಕು. ಏರು ಇಮ್ಮಡಿಯಾದರೆ ಅದೂ ಇಮ್ಮಡಿ, ಆಗ ಸಣ್ಣ ಇಂಜಿನ್ನುಗಳ ಚಕ್ರ ನಿಂತಲ್ಲೇ ಜಾರತೊಡಗುತ್ತದೆ. ಹೀಗಾಗಿ ಮುಖ್ಯ ಹಳಿಯಿಂದ ನನ್ನ ಶೆಡ್ಡಿಗೆ ಬರುವ ಕವಲು ಹಳಿ ಯಾವ ಮಟ್ಟದಲ್ಲಿ ಬಂದು ಮುಟ್ಟುತ್ತದೆಂದು ಮೊದಲು ಲೆಕ್ಕ ಹಾಕಿ, ಶೆಡ್ಡಿನ ನೆಲವನ್ನು ಅದಕ್ಕೆ ಸರಿಯಾಗಿ ಹಾಕಿಸಿ, ಮನೆಯ ತಳಪಾಯವನ್ನು ಆಮೇಲೆ ನಿರ್ಧರಿಸಿದೆ. ಇಂಜಿನ್ನಿನ ತೂಕ 300 ಕಿಲೋ. ಅದನ್ನು ಎತ್ತುವ ಗೋಜಿಲ್ಲದೆ ಶೆಡ್ಡಿನಿಂದ ನೇರವಾಗಿ ಹಳಿಗೆ ಉರುಳಿಸಬಹುದಾದ್ದರಿಂದಲೇ ಎಪ್ಪತ್ತು ದಾಟಿದವರೂ ಇಲ್ಲಿ ವಾರಕ್ಕೆ ಎರಡು ಬಾರಿ ಒಲೆ ಹೊತ್ತಿಸುತ್ತಾರೆ. ದೂರದ ಕ್ಲಬ್ಬಿಗೆ ಟ್ರೇಲರಿನಲ್ಲಿ ಹೊತ್ತೊಯ್ಯುತ್ತಿದ್ದ ದಿನಗಳಲ್ಲಿ ವರ್ಷಕ್ಕೆ ಐದಾರು ಬಾರಿ ಓಡಿಸಿದರೆ ಹೆಚ್ಚಾಗಿತ್ತು.

ಇಲ್ಲಿನ ಬದುಕಿನ ಬಹುಭಾಗ ಹಳಿಯ ಆರೈಕೆ. ಗಾಡಿ ಓಡಿಸುವ ಒಂದು ಗಂಟೆಗೆ ಹಳಿಯ ಪಕ್ಕ ಮೊಣಕಾಲೂರುವ ಎರಡು ಗಂಟೆ ಎಂದು ನನ್ನ ಅಂದಾಜು. ಶನಿವಾರ ಬೆಳಗ್ಗೆ ಮನೆಗೊಬ್ಬರಂತೆ ಸೇರುತ್ತೇವೆ. ಕೆಲಸ ಹೇಳಿದರೆ ಸರಳ: ಅಡ್ಡಮಟ್ಟದ ಕೋಲನ್ನು ಎರಡೂ ಹಳಿಗಳ ಮೇಲೆ ಇಟ್ಟು ನೋಡುವುದು, ತಗ್ಗಿದ ಕಡೆ ಹಳಿಗಳ ಅಡಿಯ ಅಡ್ಡಪಟ್ಟಿಯಾದ ಸ್ಲೀಪರನ್ನು ಸಣ್ಣ ಜಾಕಿನಿಂದ ಕೂದಲಷ್ಟು ಎತ್ತುವುದು, ಅಡಿಯಲ್ಲಿ ಜಲ್ಲಿ ತುರುಕಿ ಎರಡೂ ಬದಿಯಿಂದ ಚಪ್ಪಟೆ ಮೊನೆಯ ಕಬ್ಬಿಣದಿಂದ ತಿವಿಯುವುದು. ಒಂದೇ ಬದಿಯಿಂದ ತಿವಿದರೆ ಸ್ಲೀಪರು ತೊಟ್ಟಿಲಿನಂತೆ ಓಲಾಡುತ್ತದೆ. ಸರಿಯಾಗಿ ಕೂತ ಸ್ಲೀಪರನ್ನು ಬಡಿದರೆ ಗಟ್ಟಿಯಾದ, ಮೊಟಕಾದ ಸದ್ದು ಬರುತ್ತದೆ. ಅಡಿಯಲ್ಲಿ ಪೊಳ್ಳಿದ್ದರೆ ಟೊಳ್ಳು ಸದ್ದು. ಈಗ ನಾನು ಮಟ್ಟದ ಕೋಲಿಗಿಂತ ಮೊದಲು ಕಿವಿಯನ್ನೇ ನಂಬುತ್ತೇನೆ. ಬಿಲ ತೋಡುವ ಪ್ರಾಣಿಗಳು ಮತ್ತು ಇಳಿಜಾರಿನ ಮಳೆನೀರು ಆ ಪೊಳ್ಳನ್ನು ವರ್ಷವಿಡೀ ಮಾಡುತ್ತಲೇ ಇರುತ್ತವೆ.

ಬಂದ ಮೊದಲ ವರ್ಷ ನನ್ನ ಕವಲು ಹಳಿಯನ್ನು ನಾನೇ ಹಾಕಿದೆ, ಮತ್ತು ಚಳಿಯ ಬೆಳಗ್ಗೆಯೊಂದರಲ್ಲಿ ಹಳಿಗಳನ್ನು ತುದಿಗೆ ತುದಿ ತಾಗಿಸಿ ಬಿಗಿದೆ. ಅಲ್ಯೂಮಿನಿಯಂ ಹಳಿ ಬಿಸಿಲಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 100 ಮೀಟರ್ ಅಲ್ಯೂಮಿನಿಯಂ ಹಳಿ ಸುಮಾರು 7 ಸೆಂಟಿಮೀಟರ್ ಉದ್ದವಾಗುತ್ತದೆ, ಉಕ್ಕಿನದು ಮೂರೂವರೆ. ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಹಳಿ ಜಲ್ಲಿಯನ್ನು ತಳ್ಳಿಕೊಂಡು ಹಾವಿನಂತೆ ಬಾಗಿ ನಿಂತಿತ್ತು. ಅಷ್ಟನ್ನೂ ಬಿಚ್ಚಿ, ಪ್ರತಿ ಮೂರು ಮೀಟರಿನ ಕೂಡಿಕೆಯಲ್ಲಿ ಎರಡು ಮಿಲಿಮೀಟರ್ ಸಂದು ಬಿಟ್ಟು, ಸಂದಿನಲ್ಲಿ ಹಳಿಗಳನ್ನು ಜೋಡಿಸುವ ಲೋಹಪಟ್ಟಿಯಾದ ಫಿಶ್‌ಪ್ಲೇಟ್ ಬೋಲ್ಟುಗಳಿಗೆ ಉದ್ದನೆಯ ತೂತು ಕೊರೆದು ಮತ್ತೆ ಹಾಕಿದೆ. ಅಂದಿನಿಂದ ಹಳಿ ಹಾಕುವ ಹೊತ್ತಿನ ಉಷ್ಣತೆಯನ್ನು ಶೆಡ್ಡಿನ ಪುಸ್ತಕದಲ್ಲಿ ಬರೆದಿಡುತ್ತೇನೆ.

ಇದೆಲ್ಲ ಅತಿಯಾದ ನಾಜೂಕು ಎಂದು ತೋರಬಹುದು. ಆದರೆ ಕಿರುರೈಲಿನಲ್ಲಿ ಗಾಡಿಗಿಂತ ಕುಳಿತವರ ತೂಕ ಹೆಚ್ಚು. ಹಳಿಗಳ ನಡುವಿನ ಅಂತರ ಒಂದು ಗೇಣಿಗೂ ಕಡಿಮೆಯಿರುವಾಗ, ಕುಳಿತವರ ಭಾರದ ಕೇಂದ್ರ ಅರ್ಧ ಮೀಟರಿಗಿಂತ ಮೇಲಿರುತ್ತದೆ. ದೊಡ್ಡ ರೈಲಿನಲ್ಲಿ ಪ್ರಯಾಣಿಕ ಪಕ್ಕಕ್ಕೆ ವಾಲಿದರೆ ಏನೂ ಆಗುವುದಿಲ್ಲ, ಇಲ್ಲಿ ಇಡೀ ಬೋಗಿಯೇ ಮಗುಚಬಹುದು. ಆರನೆಯ ವರ್ಷ ನಾನು ಓಡಿಸುತ್ತಿದ್ದ ಗಾಡಿಯಲ್ಲಿ ಮೂರನೆಯ ಬೋಗಿ ಒಂದು ತಿರುವಿನಲ್ಲಿ ಹಳಿ ತಪ್ಪಿ ಪಕ್ಕಕ್ಕೆ ಒರಗಿತು. ನಡಿಗೆಯ ವೇಗವಿದ್ದುದರಿಂದ ಒಬ್ಬರ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಪರೀಕ್ಷಿಸಿದಾಗ ಮೂರು ಮರದ ಸ್ಲೀಪರುಗಳಲ್ಲಿ ಸ್ಕ್ರೂ ತೂತಿನ ಸುತ್ತ ಮರ ಕೊಳೆತು, ಹಳಿ ಹೊರಕ್ಕೆ ಸರಿದು, ಗೇಜು ಐದು ಮಿಲಿಮೀಟರ್ ಅಗಲವಾಗಿತ್ತು. ಮೇಲಿನಿಂದ ನೋಡಿದರೆ ಮರ ಗಟ್ಟಿಯಾಗಿಯೇ ಕಾಣುತ್ತಿತ್ತು. ಅದಾದ ಮೇಲೆ ತಿರುವುಗಳಲ್ಲೆಲ್ಲ ಮರುಬಳಕೆಯ ಪ್ಲಾಸ್ಟಿಕ್ಕಿನ ಸ್ಲೀಪರುಗಳನ್ನು ಹಾಕಿದೆವು. ಹತ್ತುವ ಪ್ರತಿಯೊಬ್ಬರಿಗೂ ವಾಲಬಾರದು, ಕಾಲು ಕೆಳಗೆ ಬಿಡಬಾರದು ಎಂದು ಪ್ರತಿ ಸಲವೂ, ನಮ್ಮವರೇ ಆಗಿದ್ದರೂ, ಹೇಳುವುದನ್ನು ನಿಯಮ ಮಾಡಿಕೊಂಡೆವು.

ಬಾಯ್ಲರಿನ ವಿಷಯದಲ್ಲಿ ಸ್ನೇಹಕ್ಕೆ ಎಡೆಯಿಲ್ಲ. ವರ್ಷಕ್ಕೊಮ್ಮೆ ತಣ್ಣೀರು ತುಂಬಿಸಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸುತ್ತೇವೆ. ನೀರು ಅದುಮಿದರೂ ಕುಗ್ಗುವುದಿಲ್ಲವಾದ್ದರಿಂದ, ಎಲ್ಲಾದರೂ ಬಿರುಕಿದ್ದರೆ ಸ್ಫೋಟವಾಗದೆ ಹನಿ ಜಿನುಗಿ ಒತ್ತಡ ಇಳಿದುಬಿಡುತ್ತದೆ. ಅದೇ ಬಿರುಕು ಏಳು ಬಾರ್ ಒತ್ತಡದ ಉಗಿಯಲ್ಲಿ, ಅಂದರೆ ಸುಮಾರು 170 ಡಿಗ್ರಿ ಬಿಸಿಯಲ್ಲಿ ಬಿಟ್ಟುಕೊಂಡರೆ ಪಕ್ಕದಲ್ಲಿದ್ದವರ ಗತಿ ಹೇಳಬೇಕಾಗಿಲ್ಲ. ನೀರು ಊಡಲು ಎರಡು ಬೇರೆಬೇರೆ ಸಾಧನಗಳಿಲ್ಲದ ಇಂಜಿನ್ನಿಗೆ ಹಳಿಗಿಳಿಯಲು ಅಪ್ಪಣೆಯಿಲ್ಲ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಬಿಸಿಯಾದರೆ ಉಗಿಯ ಬಲದಿಂದ ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರ್ ಹಿಡಿಯುವುದೇ ಇಲ್ಲ, ಉಗುಳುತ್ತಲೇ ಇರುತ್ತದೆ. ಅಂಥ ಒಂದು ದಿನ ನೀರಿನ ಮಟ್ಟ ಗಾಜಿನ ಕೊಳವೆಯ ಕೆಳತುದಿಗೆ ಇಳಿಯುತ್ತಿದ್ದಾಗ ಕೈಪಂಪು ಒತ್ತುತ್ತಾ, ಒಂದೊಂದು ಒತ್ತಿಗೂ ಮಟ್ಟ ಹುಲ್ಲಿನ ಎಳೆಯಷ್ಟು ಮೇಲೇರುವುದನ್ನು ನೋಡುತ್ತಾ ಕುಳಿತಿದ್ದು ನನಗೆ ಇಂದಿಗೂ ನೆನಪಿದೆ. ಒಣ ತಿಂಗಳುಗಳಲ್ಲಿ ಕಲ್ಲಿದ್ದಲಿನ ಇಂಜಿನ್ನುಗಳನ್ನು ಪೂರ್ತಿ ನಿಲ್ಲಿಸಿ, ಬ್ಯಾಟರಿಯವನ್ನು ಮಾತ್ರ ಬಿಡುತ್ತೇವೆ. ಇದಕ್ಕೆ ಗೊಣಗುವವರಿದ್ದಾರೆ, ಆದರೆ ಹಳಿಯ ಪಕ್ಕದ ಒಣಹುಲ್ಲು ಯಾರದೋ ಮನೆಯ ಗೋಡೆಯವರೆಗೂ ಹಬ್ಬಿರುತ್ತದೆ ಎಂಬುದನ್ನು ಮರೆಯಲಾಗದು.

ಎಲ್ಲರೂ ಒಂದೇ ಹವ್ಯಾಸದವರು ಎಂಬ ಕಾಲ ಹೆಚ್ಚು ದಿನ ಉಳಿಯುವುದಿಲ್ಲ. ವಯಸ್ಸಾದವರು ತೀರಿಕೊಳ್ಳುತ್ತಾರೆ, ಮಕ್ಕಳು ಮನೆ ಮಾರುತ್ತಾರೆ. ಹೀಗೆ ಬಂದ ಒಂದು ಕುಟುಂಬ ನಮ್ಮ ಹಳಿಪಟ್ಟಿಯ ಅಂಚಿನಲ್ಲಿ ಸಾಲಾಗಿ ಗಿಡ ನೆಟ್ಟಿತು. ಎರಡು ವರ್ಷದಲ್ಲಿ ಕೊಂಬೆಗಳು ಸರಿಯಾಗಿ ಚಾಲಕನ ಮುಖದ ಎತ್ತರಕ್ಕೆ ಬಂದವು. ಸಂಘದ ಸಭೆಯಲ್ಲಿ ಕೆಲವರು ಕ್ರಯಪತ್ರ ತೋರಿಸಿ ಕಡಿಸಿಬಿಡೋಣ ಎಂದರು, ಕಾನೂನು ನಮ್ಮ ಕಡೆಗೇ ಇತ್ತು. ನಾನು ಅದಕ್ಕೆ ಒಪ್ಪಲಿಲ್ಲ; ಮರುದಿನ ಅವರ ಮನೆಗೆ ಹೋಗಿ ಕುಳಿತೆ. ಅವರ ಮನೆಯ ಬಳಿಯ ಕ್ರಾಸಿಂಗಿನಲ್ಲಿ ಪ್ರತಿ ಗಾಡಿಯೂ ಕೂಗು ಹಾಕುವುದರಿಂದ ಎಳೆಗೂಸು ಬೆಚ್ಚಿ ಏಳುತ್ತಿತ್ತು, ಗಿಡಗಳನ್ನು ನೆಟ್ಟದ್ದು ಸದ್ದನ್ನು ತಡೆಯಲು. ಅದನ್ನು ಯಾರೂ ಕೇಳಿರಲಿಲ್ಲ. ಎಂಟು ಜನ ಸೇರಿ ಅಷ್ಟೂ ಗಿಡಗಳನ್ನು ಬೇರುಸಹಿತ ತೆಗೆದು ಒಂದೂವರೆ ಮೀಟರ್ ಹಿಂದಕ್ಕೆ ನೆಟ್ಟುಕೊಟ್ಟೆವು. ಕೂಗಿನ ಬದಲು ಕ್ರಾಸಿಂಗಿಗೆ ಮಿನುಗುವ ದೀಪ ಹಾಕಿದೆವು. ಆ ಮನೆಯವರು ಇಂದಿಗೂ ಇಂಜಿನ್ ಕೊಂಡಿಲ್ಲ, ಆದರೆ ಅವರ ಹಿತ್ತಲಿನ ಹಳಿಯಲ್ಲಿ ಹುಲ್ಲು ಕಂಡರೆ ಅವರೇ ಕೀಳುತ್ತಾರೆ.

ವಾರ್ಷಿಕ ವಂತಿಗೆಯ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಸೇರುವ ಮೊದಲು ಅದರಲ್ಲಿ ವಿಮೆಗೆ ಎಷ್ಟು, ಜಲ್ಲಿ ಮತ್ತು ಸ್ಲೀಪರುಗಳಿಗೆ ಎಷ್ಟು ಎಂದು ವಿಂಗಡಿಸಿ ಕೇಳಿಕೊಳ್ಳಿ. ಅತಿಥಿಗಳು ಗಾಡಿ ಹತ್ತಿದಾಗ ಆ ವಿಮೆ ಅವರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲಿಯೇ ನೋಡಿ.

ಈ ವಾರ ನನ್ನ ಶೆಡ್ಡಿನ ಎದುರಿನ ಪಾಯಿಂಟ್ಸ್ ಬದಲಿಸುತ್ತಿದ್ದೇವೆ. ಹಳೆಯದರ ಮೂತಿ ಸವೆದು, ಉಗುರಿನಿಂದ ಮುಟ್ಟಿದರೆ ತಿಳಿಯುವಷ್ಟು ದುಂಡಗಾಗಿದೆ. ಹೊಸದನ್ನು ಪಕ್ಕದ ಮನೆಯವರ ಮಗಳು, ಇನ್ನೂ ಶಾಲೆಗೆ ಹೋಗುವವಳು, ನನ್ನ ಶೆಡ್ಡಿನ ಬೆಂಚಿನ ಮೇಲೆ ಒಂದೂವರೆ ತಿಂಗಳು ಅರದಿಂದ ಉಜ್ಜಿ ಸಿದ್ಧಪಡಿಸಿದ್ದಾಳೆ. ನಿನ್ನೆ ನನ್ನ ವ್ಯಾಗನ್ನೊಂದನ್ನು ಅದರ ಮೇಲೆ ಕೈಯಿಂದ ಮೆಲ್ಲಗೆ ತಳ್ಳಿದಾಗ ನಾಲ್ಕು ಅಚ್ಚುಗಳೂ ಸದ್ದಿಲ್ಲದೆ ದಾಟಿದವು. ನಾಳೆ ಬಿಸಿಲೇರುವ ಮೊದಲು, ಉಷ್ಣತೆ ಬರೆದುಕೊಂಡು, ಅದನ್ನು ಹಳಿಗೆ ಕೂರಿಸಬೇಕು.