ನಾರ್ವೆಯ ಮನೆಯಲ್ಲಿ ಸೌದೆ ಒಲೆ: ಹೊಸದಾಗಿ ಬಂದವರಿಗೆ

ನಾರ್ವೆಯಲ್ಲಿ ಬಾಡಿಗೆ ಮನೆ ಹಿಡಿದರೆ ಅದರ ಜೊತೆ ಒಂದು ಕಬ್ಬಿಣದ ಒಲೆಯೂ ಸಿಗುವುದು ಮಾಮೂಲು. ಹಾಲ್‌ನ ಮೂಲೆಯಲ್ಲಿ ಕಪ್ಪಗೆ ಕೂತಿರುತ್ತದೆ, ಮುಂದೆ ಗಾಜಿನ ಬಾಗಿಲು. ಮೊದಲ ಚಳಿಗಾಲದಲ್ಲಿ ನಮ್ಮವರು ಅದರ ಮೇಲೊಂದು ಹೂಕುಂಡ ಇಟ್ಟು ಸುಮ್ನಿರುತ್ತಾರೆ. ಜನವರಿಯ ಕರೆಂಟ್ ಬಿಲ್ ಕೈಗೆ ಬಂದ ಮೇಲೆ ಕುಂಡ ಕೆಳಗಿಳಿಯುತ್ತದೆ. ಆಮೇಲೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ, ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಬೆಂಕಿ ಹಚ್ಚುವ ಮೊದಲು ಮನೆ ಓನರ್ ಹತ್ತಿರ ಮಾತಾಡಿ. ಒಲೆ ಬಳಸಬಹುದಾ, ಚಿಮಣಿ ಯಾವಾಗ ಗುಡಿಸಿದ್ದು, ಒಲೆ ಎಷ್ಟು ಹಳೆಯದು, ಇಷ್ಟು ಕೇಳಿದರೆ ಸಾಕು. 1998ರ ನಂತರ ಮಾರಾಟವಾದ ಒಲೆಗಳು ಹೊಗೆಯನ್ನೂ ಒಳಗೇ ಉರಿಸುವ ಹಾಗೆ ಮಾಡಿದಂಥವು. ಅವು ಕಡಿಮೆ ಸೌದೆಗೆ ಜಾಸ್ತಿ ಶಾಖ ಕೊಡುತ್ತವೆ. ಬರ್ಗನ್ ನಗರದಲ್ಲಂತೂ 2021ರಿಂದ ಹಳೇ ಒಲೆ ಉರಿಸುವಂತೆಯೇ ಇಲ್ಲ. ಚಿಮಣಿ ಗುಡಿಸುವ ‘ಫೈಯೆರ್’ ಕೊಮ್ಯೂನೆ, ಅಂದರೆ ಸ್ಥಳೀಯ ಆಡಳಿತದ ಕಡೆಯಿಂದ ಮುಂಚೆ ತಿಳಿಸಿಯೇ ಬರುತ್ತಾರೆ. ಆ ದಿನ ಒಲೆ ಹೊತ್ತಿಸಬೇಡಿ, ಒಲೆಯ ಬಾಗಿಲು ಮುಚ್ಚಿಡಿ. ಒಲೆಯ ಬಗ್ಗೆ ಏನೇ ಅನುಮಾನವಿದ್ದರೂ ಅವರನ್ನೇ ಕೇಳಿ, ಸಂತೋಷದಿಂದ ಹೇಳಿಕೊಡುತ್ತಾರೆ.

ಸೌದೆ ಪೆಟ್ರೋಲ್ ಬಂಕ್‌ನಲ್ಲೂ ಸಿಗುತ್ತದೆ, ಆದರೆ ಅಲ್ಲಿ ದುಬಾರಿ. ಮಕ್ಕಳ ಫುಟ್‌ಬಾಲ್ ಕ್ಲಬ್‌ಗಳು ಹಣ ಕೂಡಿಸಲು 40 ಅಥವಾ 60 ಲೀಟರ್ ಚೀಲಗಳಲ್ಲಿ ಮಾರುವುದುಂಟು. ಬರ್ಚ್ ಮರದ್ದು ಹೆಚ್ಚು ಹೊತ್ತು ಉರಿಯುತ್ತದೆ. ಸ್ಪ್ರೂಸ್ ಬೇಗ ಹೊತ್ತಿಕೊಂಡು ಬೇಗ ಮುಗಿಯುತ್ತದೆ, ಶುರುಮಾಡಲು ಒಳ್ಳೆಯದು. ಯಾವುದೇ ಮರವಿರಲಿ, ತೇವಾಂಶ 20% ಒಳಗಿರಬೇಕು. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ‘ಠಣ್’ ಅನ್ನುತ್ತದೆ, ಹಸಿಯಾಗಿದ್ದರೆ ‘ದಬ್’. ತುಂಡಿನ ತುದಿಯಲ್ಲಿ ಬಿರುಕು ಬಿಟ್ಟಿದ್ದರೂ ಒಣಗಿದೆ ಅಂತಲೇ ಲೆಕ್ಕ. ನಾಳೆಗೆ ಬೇಕಾದ್ದನ್ನು ಇವತ್ತೇ ಒಳಗೆ ತಂದಿಡಿ, ಆದರೆ ಒಲೆಗೆ ಒರಗಿಸಬೇಡಿ. ಬಣ್ಣ ಬಳಿದ ಹಲಗೆ, ಹಾಲಿನ ಡಬ್ಬ, ಪ್ಲಾಸ್ಟಿಕ್ ಒಲೆಗೆ ಹಾಕುವ ಹಾಗೇ ಇಲ್ಲ.

ಈಗ ಹೊತ್ತಿಸುವ ವಿಷಯ. ಊರಿನಲ್ಲಿ ಬಚ್ಚಲೊಲೆಗೆ ಬೆಂಕಿ ಹಾಕಿ ರೂಢಿ ಇರುವವರೇ ಇಲ್ಲಿ ಜಾಸ್ತಿ ಪರದಾಡುತ್ತಾರೆ. ಅಲ್ಲಿ ಕೆಳಗೆ ತೆಂಗಿನ ಸಿಪ್ಪೆ, ಮೇಲೆ ಸೌದೆ. ಇಲ್ಲಿ ಉಲ್ಟಾ: ಬೆಂಕಿ ಮೇಲಿಂದ. ಎರಡು ದಪ್ಪ ತುಂಡುಗಳನ್ನು ನಡುವೆ ಜಾಗ ಬಿಟ್ಟು ಕೆಳಗಿಡಿ. ಅದರ ಮೇಲೆ ಸಣ್ಣ ಸೀಳುಗಳನ್ನು ಅಡ್ಡ, ಉದ್ದ, ಮತ್ತೆ ಅಡ್ಡ ಪೇರಿಸಿ. ತುದಿಯಲ್ಲಿ ಬೆಂಕಿ ಹಚ್ಚುವ ಬ್ರಿಕೆಟ್ ಒಂದಿಟ್ಟು ಕಡ್ಡಿ ಗೀರಿ. ಬೆಂಕಿ ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಕೆಳಗಿನ ಸೌದೆ ಬಿಡುವ ಹೊಗೆ ಮೇಲಿನ ಜ್ವಾಲೆ ದಾಟಿಯೇ ಹೋಗಬೇಕು, ಹಾಗಾಗಿ ಬಹಳಷ್ಟು ಅಲ್ಲೇ ಸುಟ್ಟುಹೋಗುತ್ತದೆ. ಪೆಟ್ರೋಲ್, ಸ್ಪಿರಿಟ್ ಹತ್ತಿರಕ್ಕೂ ತರಬೇಡಿ.

ಕಡ್ಡಿ ಗೀರುವ ಮೊದಲೇ ಗಾಳಿಕಿಂಡಿ ಪೂರ್ತಿ ತೆರೆದಿರಬೇಕು. ಹೊಗೆ ಕೊಳವೆಯಲ್ಲಿ ಅಡ್ಡ ತಗಡು, ಅಂದರೆ ಡ್ಯಾಂಪರ್ ಇದ್ದರೆ ಅದೂ. ಹೊರಗೆ ಮೈನಸ್ ಹತ್ತು ಇದ್ದಾಗ ಚಿಮಣಿಯೊಳಗೆ ತಣ್ಣನೆ ಗಾಳಿ ಗಟ್ಟಿಯಾಗಿ ಕೂತಿರುತ್ತದೆ, ಹೊಗೆ ಮನೆಗೇ ವಾಪಸ್ ಬರುತ್ತದೆ. ಮೊದಲು ಒಂದು ಪೇಪರ್ ಹಾಳೆಯನ್ನು ಒಲೆಯ ಮೇಲ್ಭಾಗದಲ್ಲಿ ಉರಿಸಿ ಚಿಮಣಿ ಬೆಚ್ಚಗಾಗಲು ಬಿಡಿ. ಕಿಟಕಿಯನ್ನೂ ಒಂದು ಬೆರಳಿನಷ್ಟು ತೆಗೆಯಿರಿ.

ಇನ್ನೊಂದು, ಇದು ನಮ್ಮವರಿಗೇ ಹೇಳುವ ಮಾತು. ಒಗ್ಗರಣೆಗೆ ಮುಂಚೆ ಅಡುಗೆಮನೆಯ ಚಿಮಣಿ ಫ್ಯಾನ್ ಫುಲ್ ಸ್ಪೀಡ್‌ನಲ್ಲಿ ಹಾಕುತ್ತೇವಲ್ವಾ? ಇಲ್ಲಿಯ ಮನೆಗಳು ಗಾಳಿ ಸೋರದ ಹಾಗೆ ಬಿಗಿಯಾಗಿರುತ್ತವೆ. ಫ್ಯಾನ್ ಹೊರಹಾಕುವ ಗಾಳಿಗೆ ಬದಲು ಗಾಳಿ ಬೇಕು, ಅದು ಒಲೆಯ ಚಿಮಣಿಯಿಂದಲೇ ಕೆಳಗೆ ಎಳೆದುಕೊಂಡು ಬರುತ್ತದೆ. ಹೊಗೆ ಹಾಲ್ ತುಂಬುತ್ತದೆ. ಒಲೆ ಉರಿಯುವಾಗ ಫ್ಯಾನ್ ಕಡಿಮೆ ಇಡಿ, ಇಲ್ಲವೇ ಕಿಟಕಿ ತೆರೆದಿಡಿ.

ಬೆಂಕಿ ಚೆನ್ನಾಗಿ ಹಿಡಿದು ಕೆಂಡವಾದ ಮೇಲೆ ಎರಡು ಮೂರು ತುಂಡು ಹಾಕಿ, ಅವು ಹತ್ತುವವರೆಗೆ ಮತ್ತೆ ಪೂರ್ತಿ ಗಾಳಿ ಕೊಡಿ. ಜ್ವಾಲೆ ಜೋರಾದ ಮೇಲಷ್ಟೇ ಕಿಂಡಿ ಸ್ವಲ್ಪ ಇಳಿಸಿ. ಸೌದೆ ಉಳಿಸಲು ಒಲೆ ತುಂಬಾ ತುಂಬಿ, ಕಿಂಡಿ ಮುಚ್ಚಿ ರಾತ್ರಿಯಿಡೀ ನಿಧಾನಕ್ಕೆ ಉರಿಸುವ ಅಭ್ಯಾಸ ಕೆಲವರಿಗಿದೆ. ಅದರಷ್ಟು ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಗಾಳಿ ಸಿಗದ ಸೌದೆಯಿಂದ ಶಾಖ ಬರಲ್ಲ, ಹೊಗೆ ಬರುತ್ತದೆ. ಅದು ಚಿಮಣಿ ಗೋಡೆಗೆ ಟಾರಿನಂತೆ ಅಂಟುತ್ತದೆ, ಒಂದು ದಿನ ಆ ಟಾರಿಗೇ ಬೆಂಕಿ ಹೊತ್ತಿಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ ಅಲ್ಲೇ ಹುಟ್ಟುವುದು. ಅದಕ್ಕೆ ವಾಸನೆಯಿಲ್ಲ, ಅದನ್ನು ಪತ್ತೆಹಚ್ಚುವ ಅಲಾರಂ ಒಂದು ತಂದಿಡಿ. ಒಲೆ ಉರಿಯುವಾಗ ಮನೆಯವರಿಗೆಲ್ಲ ತಲೆನೋವು, ವಾಕರಿಕೆ ಬಂದರೆ ಹೊರಗೆ ಹೋಗಿ, ಆಂಬುಲೆನ್ಸ್‌ನ 113ಕ್ಕೆ ಫೋನ್ ಮಾಡಿ. ಗಾಜು ಕಪ್ಪಾಗುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಸೌದೆ ಹಸಿ.

ಹೊಗೆ ಅಲಾರಂ ಮೆಣಸಿನಕಾಯಿ ಘಾಟಿಗೆ ಕೂಗುತ್ತದೆ ಅಂತ ಬ್ಯಾಟರಿ ಕಿತ್ತಿಡುವ ಮನೆಗಳಿವೆ. ಬೇಡ. ಬೇಕಾದರೆ ಅಡುಗೆಮನೆಯಿಂದ ಸ್ವಲ್ಪ ದೂರಕ್ಕೆ ಹಾಕಿಸಿ. ಡಿಸೆಂಬರ್ 1 ಇಲ್ಲಿ ಹೊಗೆ ಅಲಾರಂ ದಿನ, ಬ್ಯಾಟರಿ ಪರೀಕ್ಷೆಗೆ ಅದನ್ನೇ ನೆನಪಿಟ್ಟುಕೊಳ್ಳಬಹುದು.

ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವಂತವಾಗಿರುತ್ತದೆ. ಮುಚ್ಚಳವಿರುವ ಕಬ್ಬಿಣದ ಬಕೆಟ್‌ಗೆ ಹಾಕಿ, ಮನೆಯ ಗೋಡೆಯಿಂದ ದೂರ ಇಡಿ. ಮರದ ಬಾಲ್ಕನಿಯಲ್ಲಾಗಲಿ, ಪೇಪರ್ ಚೀಲದಲ್ಲಾಗಲಿ ಬೇಡ. ಒಲೆಯ ಮುಂದಿನ ಗಾಜು ಅಥವಾ ತಗಡಿನ ಹಾಸನ್ನು ರಂಗೋಲಿ ಹಾಕೋಕೆ ಅಂತ ತೆಗೆಯಬೇಡಿ. ಪುಟ್ಟ ಮಕ್ಕಳಿದ್ದರೆ ಸುತ್ತ ಗೇಟ್ ಹಾಕಿಸಿ, ಕಬ್ಬಿಣ ಮುಟ್ಟಿದರೆ ಕೈ ಸುಟ್ಟೇ ಹೋಗುತ್ತದೆ.

ಚಿಮಣಿಯಿಂದ ಭೋರ್ಗರೆಯುವ ಸದ್ದು ಬಂದು, ಮೇಲೆ ಕಿಡಿ ಹಾರಿದರೆ ಅದು ಚಿಮಣಿ ಬೆಂಕಿ. ಗಾಳಿಕಿಂಡಿ, ಒಲೆಯ ಬಾಗಿಲು ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳದ 110ಕ್ಕೆ ಫೋನ್ ಮಾಡಿ. ನೀರು ಮಾತ್ರ ಸುರಿಯಬೇಡಿ. ಕಾದ ಚಿಮಣಿಯಲ್ಲಿ ನೀರು ಒಮ್ಮೆಲೇ ಆವಿಯಾಗಿ ಇಟ್ಟಿಗೆಯನ್ನೇ ಸೀಳಬಹುದು. ನಾರ್ವೇಜಿಯನ್ ಬರಲ್ಲ ಅಂತ ತಡ ಮಾಡಬೇಡಿ, ಇಂಗ್ಲಿಷ್‌ನಲ್ಲಿ ವಿಳಾಸ ಹೇಳಿದರೆ ಆಯ್ತು. ಬೆಂಕಿ ಆರಿದ ಮೇಲೂ ಫೈಯೆರ್ ಬಂದು ಚಿಮಣಿ ನೋಡಿ ಸರಿ ಅನ್ನುವವರೆಗೆ ಒಲೆ ಹಚ್ಚುವಂತಿಲ್ಲ. ಅಲ್ಲಿಯವರೆಗೆ ಹೀಟರ್, ಕಂಬಳಿ.