ಮೆಲನೋಮ ಕೋಶ ಯಾವ ಗ್ರಾಹಕದಿಂದ ಅಂಟುತ್ತದೆ? ಪತ್ತೆ ಮಾಡುವ ಕ್ರಮ

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಮೇಲ್ಪದರ ಬಿಟ್ಟು ಆಳಕ್ಕೆ ಇಳಿಯುವ ಹಂತದಲ್ಲಿ ಅದರ ಕೋಶಗಳ ಮೈಮೇಲೆ ಆಲ್ಫಾ-ವಿ ಬೀಟಾ-3 ಎಂಬ ಇಂಟೆಗ್ರಿನ್ (ಕೋಶವನ್ನು ಸುತ್ತಲಿನ ಪ್ರೋಟೀನುಗಳಿಗೆ ಅಂಟಿಸುವ ಗ್ರಾಹಕ) ಹೆಚ್ಚುತ್ತದೆ. ಅದು ಹಿಡಿಯುವ ಮುಖ್ಯ ಪ್ರೋಟೀನುಗಳಲ್ಲಿ ವಿಟ್ರೋನೆಕ್ಟಿನ್ ಒಂದು. ಈ ಹಿಡಿತ ಅಳೆಯಲು ಎಂ21 ಮತ್ತು ಎಂ21-ಎಲ್ ಎಂಬ ಮೆಲನೋಮ ಕೋಶಗಳ ಜೋಡಿ ಅನುಕೂಲ: ಮೂಲ ಒಂದೇ, ಆದರೆ ಎರಡನೆಯದರಲ್ಲಿ ಆಲ್ಫಾ-ವಿ ಇಲ್ಲ.

ಎಲೈಸಾಗೆ (ಪ್ರತಿಕಾಯ ಬಳಸಿ ಅಳೆಯುವ ಪರೀಕ್ಷೆಗೆ) ಬಳಸುವ 96 ವೆಲ್‌ಗಳ (ಪುಟ್ಟ ಕುಳಿಗಳ) ಪ್ಲೇಟಿಗೆ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ವಿಟ್ರೋನೆಕ್ಟಿನ್ ಇರುವ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುದ್ರಾವಣ) ಅನ್ನು ವೆಲ್ಲಿಗೆ 50 ಮೈಕ್ರೋಲೀಟರಿನಂತೆ ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಇನ್ನೊಂದು ಸಾಲಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ ಫೈಬ್ರೋನೆಕ್ಟಿನ್ (ಕೋಶ ಅಂಟುವ ಇನ್ನೊಂದು ಪ್ರೋಟೀನ್), ಮತ್ತೊಂದಕ್ಕೆ ಬರೀ ಪಿಬಿಎಸ್. ಮರುದಿನ 85 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಆರಿಸಿದ 1% ಬಿಎಸ್‌ಎಯಿಂದ (ಹಸುವಿನ ರಕ್ತದ ಅಲ್ಬ್ಯುಮಿನ್; ಖಾಲಿ ಜಾಗಕ್ಕೆ ಕೋಶ ಅಂಟದಂತೆ) ಎಲ್ಲ ವೆಲ್‌ಗಳನ್ನೂ 37 ಡಿಗ್ರಿಯಲ್ಲಿ ಒಂದು ಗಂಟೆ ಮುಚ್ಚಿ. ವೆಲ್ ಒಣಗಲು ಬಿಡಬೇಡಿ.

ಪ್ರಯೋಗ ಹೆಚ್ಚಾಗಿ ಕೆಡುವುದು ಕೋಶ ಬಿಡಿಸುವಾಗ. ಟ್ರಿಪ್ಸಿನ್ ಎಂಬ ಕಿಣ್ವ ಗ್ರಾಹಕಗಳನ್ನೇ ಕತ್ತರಿಸಬಲ್ಲದು. ಆದ್ದರಿಂದ 2 ಮಿಲಿಮೋಲಾರ್ ಇಡಿಟಿಎ (ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಟ್ಟಿಹಾಕುವ ರಾಸಾಯನಿಕ) ಸಾಕು. ಆದರೆ ಇಡಿಟಿಎ ಉಳಿದರೂ ತೊಂದರೆಯೇ: ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದೆ ಇಂಟೆಗ್ರಿನ್ ಏನನ್ನೂ ಹಿಡಿಯದು. ಎರಡು ಸಲ ತೊಳೆದು, 0.5% ಬಿಎಸ್‌ಎ ಬೆರೆಸಿದ ಸೀರಮ್‌ರಹಿತ ಡಿಎಂಇಎಂನಲ್ಲಿ (ಕೋಶ ಬೆಳೆಸುವ ದ್ರವ) ಕಲಸಿ. ಸೀರಮ್ ಮಾತ್ರ ಬೇಡವೇ ಬೇಡ, ಅದರಲ್ಲೇ ವಿಟ್ರೋನೆಕ್ಟಿನ್ ತುಂಬಿದೆ. ಗಂಟುಗಳಿದ್ದರೆ 40 ಮೈಕ್ರಾನ್ ಜರಡಿಯಲ್ಲಿ ಸೋಸಿ.

ಅರ್ಧ ಕೋಶಗಳಿಗೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಎಲ್‌ಎಂ609 (ಆಲ್ಫಾ-ವಿ ಬೀಟಾ-3 ಅನ್ನು ತಡೆಯುವ) ಪ್ರತಿಕಾಯ, ಉಳಿದರ್ಧಕ್ಕೆ ಅಷ್ಟೇ ಪ್ರಮಾಣದ ಇಲಿಯ ಸಾಮಾನ್ಯ ಐಜಿಜಿ (ಹೋಲಿಕೆಗಾಗಿ, ಈ ಗ್ರಾಹಕವನ್ನು ತಡೆಯದ ಪ್ರತಿಕಾಯ) ಬೆರೆಸಿ 20 ನಿಮಿಷ ಕಾಯಿರಿ. ಬಳಿಕ ವೆಲ್ಲಿಗೆ 40,000 ಕೋಶ, 100 ಮೈಕ್ರೋಲೀಟರಿನಲ್ಲಿ. 37 ಡಿಗ್ರಿಯಲ್ಲಿ 45 ನಿಮಿಷ. ಗಂಟೆಗಟ್ಟಲೆ ಬಿಟ್ಟರೆ ಕೋಶಗಳು ತಾವೇ ಸ್ರವಿಸಿದ ಫೈಬ್ರೋನೆಕ್ಟಿನ್‌ಗೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ.

ತೊಳೆಯಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಪಿಬಿಎಸ್ ಅನ್ನು ವೆಲ್ಲಿನ ಗೋಡೆಗುಂಟ ಮೆಲ್ಲಗೆ ಬಿಡಿ, ಮೂರು ಸಲ. ಪ್ರತಿ ವೆಲ್ಲಿಗೂ ಒಂದೇ ಕೈ, ಒಂದೇ ವೇಗ. ಅಂಕಿಗಳ ಏರುಪೇರಿಗೆ ಬಹುಪಾಲು ಇದೇ ಕಾರಣ. ಅಂಟಿದ ಕೋಶಗಳನ್ನು ಸ್ಥಿರಗೊಳಿಸಲು 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ, ಬಣ್ಣ ಹಿಡಿಸಲು 0.1% ಕ್ರಿಸ್ಟಲ್ ವಯಲೆಟ್‌ನಲ್ಲಿ 30 ನಿಮಿಷ ಇಟ್ಟು, ನೀರು ತಿಳಿಯಾಗುವವರೆಗೆ ತೊಳೆಯಿರಿ. ಹಿಡಿದ ಬಣ್ಣವನ್ನು 10% ಅಸಿಟಿಕ್ ಆಮ್ಲದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದಿ, ಬರೀ ಪಿಬಿಎಸ್ ಹಾಕಿದ್ದರಿಂದ ಬಿಎಸ್‌ಎ ಮಾತ್ರವಿದ್ದ ವೆಲ್‌ಗಳ ಅಂಕಿ ಕಳೆಯಿರಿ.

ಎಂ21-ಎಲ್ ಫೈಬ್ರೋನೆಕ್ಟಿನ್‌ಗೆ ಅಂಟಬೇಕು, ವಿಟ್ರೋನೆಕ್ಟಿನ್‌ಗೆ ಅಂಟಬಾರದು. ಅಂಟಿದರೆ ಮೊದಲು ಬಿಎಸ್‌ಎ ಮುಚ್ಚಿಕೆಯನ್ನು ಅನುಮಾನಿಸಿ. ಎಲ್‌ಎಂ609 ಹಾಕಿದರೂ ಎಂ21 ಅರೆಬರೆ ಅಂಟಿಕೊಂಡೇ ಇದ್ದರೆ ಪ್ರತಿಕಾಯ ಕೆಟ್ಟಿದೆ ಎಂದು ಎಸೆಯಬೇಡಿ; ಆಲ್ಫಾ-ವಿ ಬೀಟಾ-5 ಕೂಡ ವಿಟ್ರೋನೆಕ್ಟಿನ್ ಹಿಡಿಯುತ್ತದೆ, ಅದನ್ನು ಎಲ್‌ಎಂ609 ತಡೆಯುವುದಿಲ್ಲ.