ಕೆಂಪು ದೀಪ ಉರಿಯುತ್ತಿರಲಿಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಗೆ ನಾವು ಎಳೆದಿದ್ದ ಒಂದು ಫೈಬರ್ ಲೈನಿನಲ್ಲಿ ಸಂಜೆ ನಾಲ್ಕೂವರೆಯಾದರೆ ಸಾಕು, ಐವತ್ತರ ಹತ್ತಿರ ಮನೆಗಳ ಇಂಟರ್‌ನೆಟ್ ಹೋಗುವುದು, ಬರುವುದು, ಮತ್ತೆ ಹೋಗುವುದು. ರಾತ್ರಿ ಎಂಟರ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲವೂ ಸರಿ. ಸಂಜೆ ಎಲ್ಲರೂ ಮೊಬೈಲ್ ಹಿಡಿಯುತ್ತಾರೆ, ಬ್ಯಾಂಡ್‌ವಿಡ್ತ್ ಸಾಲುತ್ತಿಲ್ಲ ಎಂದು ತೀರ್ಮಾನಿಸಿ ನಮಗೆ ಇಂಟರ್‌ನೆಟ್ ಪೂರೈಸುವ ಮೇಲಿನವರಿಂದ ಹೆಚ್ಚುವರಿ ಬ್ಯಾಂಡ್‌ವಿಡ್ತ್ ಕೊಂಡೆ. ತಿಂಗಳ ಬಿಲ್ಲು ಏರಿತು, ದೂರು ಇಳಿಯಲಿಲ್ಲ.

ಆಮೇಲೆ ಓಟಿಡಿಆರ್ ಯಂತ್ರವನ್ನು ಕಂತಿನ ಮೇಲೆ ತಂದೆ. ಫೈಬರಿನೊಳಗೆ ಬೆಳಕಿನ ಮಿಡಿತ ಕಳಿಸಿ, ಮರಳಿ ಬಂದ ಬೆಳಕಿನಿಂದ ಎಷ್ಟನೇ ಮೀಟರಿನಲ್ಲಿ ತುಂಡಾಗಿದೆ, ಎಲ್ಲಿ ಬೆಸುಗೆ ಕೆಟ್ಟಿದೆ ಎಂದು ಹೇಳುವ ಯಂತ್ರ ಅದು. ಆದರೆ ನಮ್ಮ ಲೈನಿನಲ್ಲಿ ಒಂದರ ಹಿಂದೆ ಒಂದು, ಒಂದು ಎಳೆಯ ಬೆಳಕನ್ನು ಎಂಟಾಗಿ ಹಂಚುವ ಸ್ಪ್ಲಿಟ್ಟರ್‌ಗಳಿವೆ. ಕಚೇರಿಯ ಕಡೆಯಿಂದ ನೋಡಿದರೆ ಎಲ್ಲ ಕವಲುಗಳ ಬೆಳಕೂ ಒಂದರ ಮೇಲೊಂದು ಬಿದ್ದು ಗೆರೆ ಕಲಸಿಹೋಗುತ್ತದೆ. ಎರಡು ದಿನ ಆ ಗೆರೆಯನ್ನು ದಿಟ್ಟಿಸಿದ್ದೇ ಬಂತು.

ಸುಳಿವು ಕೊಟ್ಟವರು ನಿವೃತ್ತ ಶಿಕ್ಷಕಿಯೊಬ್ಬರು. "ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿದೆಯೇ ಅಮ್ಮ?" ಎಂದು ಎಂದಿನಂತೆ ಫೋನಿನಲ್ಲಿ ಕೇಳಿದೆ. "ಇಲ್ಲಪ್ಪ, ಕೆಂಪು ಯಾವತ್ತೂ ಉರಿದಿಲ್ಲ. ಹಸಿರೇ ಮಿಣುಕುತ್ತದೆ. ಮೂರು ಸಲ ಹೇಳಿದ್ದೇನೆ" ಎಂದರು. ಕೆಂಪು ಉರಿಯುತ್ತಿಲ್ಲವೆಂದರೆ ನಮ್ಮ ಕಚೇರಿಯಲ್ಲಿರುವ ಓಎಲ್‌ಟಿ ಎಂಬ ಮುಖ್ಯ ಯಂತ್ರ ಕಳಿಸುವ 1490 ನ್ಯಾನೊಮೀಟರಿನ ಬೆಳಕು ಮನೆಗೆ ಮುಟ್ಟುತ್ತಿದೆ, ಫೈಬರ್ ಗಟ್ಟಿಯಾಗಿದೆ. ಕೆಟ್ಟಿರುವುದು ಮನೆಯಿಂದ ನಮ್ಮ ಕಡೆಗೆ 1310ರಲ್ಲಿ ಬರುವ ದಾರಿ.

ಆ ದಾರಿಯಲ್ಲಿ ಎಲ್ಲ ಮನೆಗಳಿಗೂ ಸರದಿ ಇರುತ್ತದೆ. ಓಎಲ್‌ಟಿ ಹೇಳಿದ ಕ್ಷಣದಲ್ಲಿ ಮಾತ್ರ ಮನೆಯ ಓಎನ್‌ಯು (ಫೈಬರ್ ಬಂದು ಸೇರುವ ಡಬ್ಬಿ) ಬೆಳಕು ಬಿಡಬೇಕು. ಒಂದು ಡಬ್ಬಿ ಸರದಿ ಮೀರಿ ಉರಿಯತೊಡಗಿದರೆ ಉಳಿದವರ ಮಾತು ಓಎಲ್‌ಟಿಗೆ ಕೇಳಿಸುವುದಿಲ್ಲ. ಪಂಚಾಯಿತಿ ಸಭೆಯಲ್ಲಿ ಒಬ್ಬನೇ ನಿಲ್ಲಿಸದೆ ಕೂಗಿದ ಹಾಗೆ.

ಹಳೆಯ ಕಂಪ್ಯೂಟರಿನಲ್ಲಿ ಲಿಬ್ರೆಎನ್‌ಎಂಎಸ್ ಎಂಬ, ಜಾಲದ ಮೇಲೆ ನಿಗಾ ಇಡುವ ತಂತ್ರಾಂಶ ಹಾಕಿ ವರ್ಷವಾಗಿತ್ತು. ಐದು ನಿಮಿಷಕ್ಕೊಮ್ಮೆ ಅದು ಎಲ್ಲ ಯಂತ್ರಗಳನ್ನೂ ವಿಚಾರಿಸಿ ಗ್ರಾಫ್ ಬರೆದಿಡುತ್ತಲೇ ಇತ್ತು. ನಾನು ತೆರೆದು ನೋಡಿರಲಿಲ್ಲ, ಅಷ್ಟೆ. ನಮ್ಮದು ಜಿಪಾನ್, ಅಂದರೆ ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಬಗೆಯ ಲೈನ್; ಮನೆಗಳ ಕಡೆಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಹೊರುತ್ತದೆ. ಸಂಜೆಯ ಬಳಕೆ ಅದರ ಅರ್ಧಕ್ಕೂ ಮುಟ್ಟಿರಲಿಲ್ಲ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು: ಭಾನುವಾರಗಳಂದು ತೊಂದರೆಯೇ ಇರಲಿಲ್ಲ.

ಮರುದಿನ ಸಂಜೆ ಐದಕ್ಕೆ ಹುಡುಗನೊಂದಿಗೆ ಏಣಿ ಹೊತ್ತು ಹೋದೆ. ಮೊದಲ ಸ್ಪ್ಲಿಟ್ಟರಿನ ಎಂಟು ಎಳೆಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿ ಸಲವೂ ಕಚೇರಿಗೆ ಫೋನ್ ಮಾಡಿ ಕೇಳಿದೆವು. ಮೂರನೆಯದನ್ನು ಬಿಚ್ಚಿದಾಗ ಉಳಿದ ಮನೆಗಳೆಲ್ಲ ಮರಳಿ ಬಂದವು. ಆ ಎಳೆ ಹೋಗುವ ಎರಡನೇ ಸ್ಪ್ಲಿಟ್ಟರಿನ ಪೆಟ್ಟಿಗೆಯ ಬಳಿ ನಡೆದು, ಅಲ್ಲಿ ಒಂದೊಂದೇ ಮನೆಯ ತುದಿಯನ್ನು ಬಿಚ್ಚಿ, ಬೆಳಕಿನ ಬಲ ಅಳೆಯುವ ಸಾದಾ ಪವರ್ ಮೀಟರಿಗೆ ಸಿಕ್ಕಿಸಿದೆ. ಮೀಟರ್ 1310ಕ್ಕೆ ಇರಬೇಕು, ಇದನ್ನು ಮರೆಯಬಾರದು. ಮೇಲಿನಿಂದ ಬೆಳಕು ಬಾರದಿದ್ದಾಗ ಸರಿಯಾದ ಓಎನ್‌ಯು ಬಾಯಿ ಮುಚ್ಚಿಕೊಂಡಿರುತ್ತದೆ, ಮೀಟರಿನಲ್ಲಿ ಏನೂ ಕಾಣುವುದಿಲ್ಲ. ಆರು ಎಳೆಗಳು ಕತ್ತಲು. ಏಳನೆಯದರಲ್ಲಿ ಸುಮಾರು 2 ಡಿಬಿಎಂ (ಬೆಳಕಿನ ಬಲದ ಅಳತೆ), ಅಲುಗಾಡದ ಅಂಕಿ. ಯಾರೂ ಕೇಳದಿದ್ದರೂ ಕೂಗುತ್ತಿದ್ದವನು ಸಿಕ್ಕಿದ.

ಆ ಏಳನೇ ಎಳೆ ಯಾರ ಮನೆಯದು ಎಂದು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ. ಟಾರ್ಚ್ ಹಿಡಿದು, ಕಂಬದಿಂದ ಕಂಬಕ್ಕೆ ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅದು ಹೋಗಿ ನಿಂತದ್ದು ಒಂದು ಹಿಟ್ಟಿನ ಗಿರಣಿಯಲ್ಲಿ. ಯಜಮಾನರು ಸಂಜೆ ನಾಲ್ಕೂವರೆಗೆ ಬಾಗಿಲು ತೆಗೆದು ಮೇನ್ ಸ್ವಿಚ್ ಹಾಕುತ್ತಾರೆ, ಎಂಟಕ್ಕೆ ಎಲ್ಲವನ್ನೂ ಆರಿಸಿ ಹೋಗುತ್ತಾರೆ. ಭಾನುವಾರ ರಜೆ. ಓಎನ್‌ಯುವನ್ನೂ ಅಡಾಪ್ಟರನ್ನೂ ಬದಲಿಸಿದೆ. "ಈ ಪುಟ್ಟ ಡಬ್ಬಿಯೇ ಬೀದಿಗೆಲ್ಲ ಕಾಟ ಕೊಟ್ಟಿತೇ?" ಎಂದು ಅವರು ಅದನ್ನು ಹಿಟ್ಟಿನ ಕೈಯಲ್ಲೇ ತಿರುವಿ ತಿರುವಿ ನೋಡಿದರು.

ಹಾಗೆಂದು ಓಟಿಡಿಆರ್ ದಂಡವೇನಲ್ಲ. ಚರಂಡಿ ಕೆಲಸದವರು ಹದಡಿ ರಸ್ತೆಯ ಬಳಿ ನಮ್ಮ ಮುಖ್ಯ ಫೈಬರನ್ನು ಕಿತ್ತಾಗ, ತುಂಡಾದ ಜಾಗ ಹತ್ತು ನಿಮಿಷದಲ್ಲಿ ಸಿಕ್ಕಿತು. ಕವಲಿಲ್ಲದ ಲೈನಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಕೇಳಿದರೆ ಮೊದಲು ಪವರ್ ಮೀಟರ್, ಆಮೇಲೆ ಗ್ರಾಫ್ ಬರೆಯುವ ಕಂಪ್ಯೂಟರ್ ಎನ್ನುತ್ತೇನೆ. ಇವೆರಡೂ ಸೇರಿ ನನ್ನ ಓಟಿಡಿಆರಿನ ಒಂದು ಕಂತಿನಷ್ಟೂ ಆಗಲಿಲ್ಲ. ದಾರಿಯಲ್ಲಿನ ಪ್ರತಿ ರೂಟರನ್ನೂ ಒಂದೊಂದು ಸಾಲಿನಲ್ಲಿಟ್ಟು, ಎಲ್ಲಿ ಎಷ್ಟು ಪ್ಯಾಕೆಟ್ ಕಳೆದುಹೋಯಿತೆಂದು ತೋರಿಸುವ ಎಂಟಿಆರ್ ಎಂಬ ತಂತ್ರಾಂಶವಂತೂ ಉಚಿತ. ಅದರಲ್ಲಿ ನಡುವಿನ ಒಂದು ರೂಟರ್ ಮಾತ್ರ ನಷ್ಟ ತೋರಿಸಿ, ಕೊನೆಯ ಸಾಲು ಚೆನ್ನಾಗಿದ್ದರೆ ಗಾಬರಿ ಬೇಡ. ಆ ರೂಟರ್ ಉತ್ತರಿಸಲು ಸೋಮಾರಿತನ ಮಾಡಿದೆ, ಅಷ್ಟೆ. ಆನ್‌ಲೈನ್ ಆಟವಾಡುವ ಹುಡುಗರು ಅದೇ ಸಾಲಿಗೆ ಕೆಂಪು ಗೆರೆ ಎಳೆದು ನನಗೆ ಈಗಲೂ ಚಿತ್ರ ಕಳಿಸುತ್ತಾರೆ.

ಈಗ ಪ್ರತಿ ಪೆಟ್ಟಿಗೆಯಲ್ಲೂ ಪ್ರತಿ ಎಳೆಗೆ ಚೀಟಿ ಕಟ್ಟಿದ್ದೇವೆ. ಗಿರಣಿಯ ಎಳೆಯ ಚೀಟಿಯ ಮೇಲೆ ನಮ್ಮ ಹುಡುಗ ದಪ್ಪ ಅಕ್ಷರದಲ್ಲಿ "7. ಹಿಟ್ಟಿನ ಗಿರಣಿ. ಇವನ ಮೇಲೆ ಕಣ್ಣಿರಲಿ" ಎಂದು ಬರೆದಿದ್ದಾನೆ.